ಅಣ್ಣನ ಕಂಪ್ಯೂಟರಿಗೆ ಜ್ವರ

ನನಗೊಂದು ಚಟವಿದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೀಡಿ, ಇಸ್ಪೀಟು, ಧಾರಾವಾಹಿ ಯಾವುದೂ ಅಲ್ಲ. ದಿನಕ್ಕೆ ಮೂರು ಸಲ ಕಂಪ್ಯೂಟರಿನ ಶಾಖ ಎಷ್ಟೆಂದು ನೋಡಿ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಕಿನ ಚೌಕದೊಳಗೆ ಪೆನ್ಸಿಲಿನಲ್ಲಿ ಬರೆದಿಡುವುದು. ನಿವೃತ್ತನಾದ ಮನುಷ್ಯನಿಗೆ ಏನಾದರೊಂದು ಬೇಕಲ್ಲ. ಮೊದಲು ಆ ಚೌಕಗಳಲ್ಲಿ ಗ್ಯಾಸ್ ಬಂದ ದಿನ, ಹಾಲು ಬಾರದ ದಿನ, ಏಕಾದಶಿ ಇವೆಲ್ಲ ಇರುತ್ತಿದ್ದವು. ಅವುಗಳ ತಲೆಯ ಮೇಲೆ ಎಪ್ಪತ್ತೆಂಟು, ಎಂಬತ್ತೊಂದು, ಎಂಬತ್ತಾರು ಎಂದು ಏರುತ್ತಾ ಹೋದದ್ದನ್ನು ಕಂಡು ಹೆಂಡತಿ ಸುಮತಿ, "ಇದು ಎಂತ, ನಿಮ್ಮ ಶುಗರಾ?" ಎಂದು ಕೇಳಿದ್ದಳು.

ಕಂಪ್ಯೂಟರು ನನ್ನದಲ್ಲ, ಅಣ್ಣನದು. ಗಲ್ಫಿನಲ್ಲಿ ಯಾರ್ಯಾರದೋ ಆಫೀಸಿನ ಯಂತ್ರಗಳನ್ನು ರಿಪೇರಿ ಮಾಡಿ ಊರಿಗೆ ಮರಳಿದವನು ಜೆಪ್ಪುವಿನ ನಮ್ಮ ಮನೆಯಲ್ಲೇ ಉಳಿದುಕೊಂಡ. ಚಾವಡಿಯಲ್ಲಿ ಚಾಪೆ ಹಾಸಿ, ಹಳೆಯ ಬಿಡಿಭಾಗಗಳನ್ನು ಹರಡಿಕೊಂಡು, ಒಂದು ವಾರ ಕೂತು ಇದನ್ನು ಜೋಡಿಸಿದ. ನಮ್ಮದು ಅರ್ಚಕರ ಮನೆತನ. ಅಪ್ಪ ದೇವಸ್ಥಾನದಲ್ಲಿ ಕಲಶ ಜೋಡಿಸುವಾಗ ಎಷ್ಟು ಮಡಿ ಮಾಡುತ್ತಿದ್ದರೋ ಅಣ್ಣ ಸ್ಕ್ರೂ ಜೋಡಿಸುವಾಗಲೂ ಅಷ್ಟೇ. ಹತ್ತಿರ ಹೋದರೆ ಬೈಯುತ್ತಿದ್ದ. ಕೊನೆಗೆ ಅದನ್ನು ನಡೆಸಲು ಲಿನಕ್ಸ್ ಎಂಬ ತಂತ್ರಾಂಶ ಹಾಕಿದ. "ಇದು ಊರವರೆಲ್ಲ ಸೇರಿ ಮಾಡಿದ್ದು ಮಾರಾಯ. ಯಾರು ಬೇಕಾದರೂ ಒಳಗೆ ನೋಡಬಹುದು, ಸರಿ ಮಾಡಬಹುದು. ಯಾರ ಹಂಗೂ ಇಲ್ಲ," ಎಂದ. ಯಂತ್ರಕ್ಕೊಂದು ಹೆಸರು ಕೊಡಬೇಕಂತೆ, 'ಜೆಪ್ಪು ಒಂದು' ಎಂದು ಕೊಟ್ಟ. ಎರಡನೆಯದೆಲ್ಲಿ ಎಂದರೆ, "ಆಗ್ತದೆ, ಅವಸರ ಎಂತ?" ಎಂದು ನಕ್ಕ. ಎರಡನೆಯದು ಆಗಲಿಲ್ಲ. ಅಣ್ಣ ತೀರಿಹೋಗಿ ಮೂರು ವರ್ಷವಾಯಿತು. ಇವತ್ತಿಗೂ ಸ್ವಿಚ್ ಹಾಕಿದರೆ ಪರದೆಯ ಮೇಲೆ ಮೊದಲು ಬರುವುದು ಅವನ ಹೆಸರು. ಅದನ್ನು ಬದಲಾಯಿಸಲು ನನಗೆ ಮನಸ್ಸಾಗಿಲ್ಲ.

ಈ ಬೇಸಗೆಯಲ್ಲಿ ಅದು ಕೆಲಸದ ನಡುವೆ ತಾನಾಗಿ ಆರಿಹೋಗಲು ಶುರುಮಾಡಿತು. ಸುಮತಿ ತನ್ನ ತಂಗಿಯ ಮಗಳ ಮದುವೆಯ ನೇರಪ್ರಸಾರ ನೋಡುತ್ತಿದ್ದಾಗ ಸರಿಯಾಗಿ ಧಾರೆಯ ಹೊತ್ತಿಗೆ ಆರಿತು. "ಇನ್ನೊಂದು ಸಲ ಹೀಗಾದರೆ ಗುಜರಿಗೆ ಕೊಡುವುದೇ," ಎಂದು ಅವಳು ತೀರ್ಪು ಕೊಟ್ಟಳು. ತಾನಾಗಿ ಆರಿದರೆ ಮೊದಲು ಶಾಖ ನೋಡು ಎಂದು ಅಣ್ಣ ಬರೆದಿಟ್ಟಿದ್ದ ಚೀಟಿ ಹುಡುಕಿ, ಅದರಲ್ಲಿದ್ದಂತೆ ಪರದೆಯ ಮೇಲೆ ಕಪ್ಪು ಕಿಟಕಿಯೊಂದನ್ನು ತೆರೆದು 'ಸೆನ್ಸರ್ಸ್' ಎಂದು ಟೈಪಿಸಿದೆ. ಪ್ರೊಸೆಸರಿನ ಶಾಖ ಎಪ್ಪತ್ತೆಂಟು ಎಂದು ಬಂತು. ಮನುಷ್ಯನಿಗೇ ತೊಂಬತ್ತೆಂಟಿರುವಾಗ ಎಪ್ಪತ್ತೆಂಟು ಏನು ಮಹಾ ಎಂದು ಎರಡು ದಿನ ನೆಮ್ಮದಿಯಾಗಿದ್ದೆ. ಅದು ಸೆಲ್ಸಿಯಸ್ ಲೆಕ್ಕವೆಂದು ಆಮೇಲೆ ತಿಳಿಯಿತು. ಮನುಷ್ಯರ ಲೆಕ್ಕಕ್ಕೆ ತಿರುಗಿಸಿದರೆ ನೂರ ಎಪ್ಪತ್ತೆರಡು ಡಿಗ್ರಿ ಜ್ವರ. ಅಂದಿನಿಂದಲೇ ಕ್ಯಾಲೆಂಡರಿನ ದಾಖಲೆ ಆರಂಭವಾದದ್ದು.

ಎಂಬತ್ತಾರು ದಾಟಿದ ಮೇಲೆ ಧೈರ್ಯ ಸಾಲದೆ, ಫಳ್ನೀರಿನಲ್ಲಿ ರಿಪೇರಿ ಅಂಗಡಿ ಇಟ್ಟಿರುವ ಅಣ್ಣನ ಸ್ನೇಹಿತ ವಿನ್ಸೆಂಟರನ್ನು ಕರೆಸಿದೆ. ಅವರು ಬಾಗಿಲಲ್ಲೇ ನಿಂತು ನೋಡಿ, "ಭಟ್ರೇ, ಇದಕ್ಕೆ ಸ್ವೆಟರ್ ಎಂತಕ್ಕೆ?" ಎಂದರು. ಸಮುದ್ರದ ಗಾಳಿಗೆ ತುಕ್ಕು ಹಿಡಿಯುತ್ತದೆಂದು ರೇಡಿಯೋದಿಂದ ಮಿಕ್ಸಿಯವರೆಗೆ ಎಲ್ಲಕ್ಕೂ ಅಂಗಿ ಹೊಲಿಸುವುದು ನಮ್ಮ ಮನೆಯ ರೂಢಿ. ಅಣ್ಣನ ನೆನಪಿನ ವಸ್ತುವೆಂದು ಇದಕ್ಕೆ ಎರಡು ಪದರದ್ದು ಹೊಲಿಸಿದ್ದೆ, ಸ್ವಿಚ್ಚಿಗೊಂದು ತೂತು ಬಿಟ್ಟರೆ ಬೇರೆಲ್ಲೂ ಗಾಳಿ ಸುಳಿಯದ ಹಾಗೆ. ಕಂಪ್ಯೂಟರು ನಡೆಯುವಾಗಲೂ ಅದನ್ನು ಬಿಚ್ಚುತ್ತಿರಲಿಲ್ಲ. "ನಿಮ್ಮ ಅಣ್ಣ ಗಾಳಿ ಹೋಗಲಿಕ್ಕೆ ಎಷ್ಟು ಚಂದ ದಾರಿ ಮಾಡಿದ್ದಾರೆ. ನೀವು ಉಸಿರು ಕಟ್ಟಿಸಿದ್ದೀರಿ ಅಷ್ಟೆ," ಎಂದು ವಿನ್ಸೆಂಟ್ ಅಂಗಿ ಕಳಚಿ, ಪೆಟ್ಟಿಗೆ ಬಿಚ್ಚಿ, ಧೂಳು ಹೊಡೆದು, ಪ್ರೊಸೆಸರಿನ ಮೇಲೆ ಒಣಗಿದ್ದ, ಶಾಖ ಹೊರಹಾಕುವ ಪೇಸ್ಟನ್ನು ಒರೆಸಿ ಕಡಲೆಕಾಳಿನಷ್ಟು ಹೊಸದನ್ನು ಹಚ್ಚಿದರು. ಒಳಗಿನ ವಯರುಗಳನ್ನು ಅಣ್ಣ ಬಾಳೆನಾರಿನಲ್ಲಿ ಕಟ್ಟಿದ್ದ. ದೇವರಿಗೆ ಮಲ್ಲಿಗೆ ಕಟ್ಟಲು ಅಪ್ಪ ನಮ್ಮಿಬ್ಬರಿಗೂ ಕಲಿಸಿದ್ದ ಗಂಟು ಅದು, ಇನ್ನೂ ಬಿಗಿಯಾಗಿತ್ತು. ನನಗೆ ಕಣ್ಣು ತುಂಬಿ ಬಂತು. ಧೂಳು ಬಿತ್ತೆಂದು ವಿನ್ಸೆಂಟರಿಗೆ ಸುಳ್ಳು ಹೇಳಿದೆ.

ಶಾಖ ನಲವತ್ತನಾಲ್ಕಕ್ಕೆ ಇಳಿದು ಅಲ್ಲೇ ನಿಂತಿತು. ಗುಜರಿಯ ಮಾತೂ ನಿಂತಿತು. ನನ್ನ ಚಟ ಮಾತ್ರ ನಿಲ್ಲಲಿಲ್ಲ. ದಿನಾ ನಲವತ್ತನಾಲ್ಕು ಎಂದೇ ಬರೆಯುತ್ತಿದ್ದೆ. ನಿಜ ಹೇಳಬೇಕೆಂದರೆ, ಅಣ್ಣ ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿದ್ದಾಗ ನನಗೆ ಆಫೀಸಿನಲ್ಲಿ ಆಡಿಟ್. ಫೋನಿನಲ್ಲಿ "ಹೇಗುಂಟು?" ಎಂದು ಕೇಳಿದ್ದೇ ಹೆಚ್ಚು. ಹಗಲಿಡೀ ಅವನ ಹತ್ತಿರ ಕೂತಿದ್ದವಳು ಸುಮತಿ. ಆಗ ವಿಚಾರಿಸದೆ ಉಳಿದದ್ದನ್ನು ಈಗ ಅವನ ಕಂಪ್ಯೂಟರಿನ ಹತ್ತಿರ ವಿಚಾರಿಸುತ್ತಿದ್ದೇನೆಂದು ನನಗೂ ಗೊತ್ತಿತ್ತು.

ನಿನ್ನೆ ಬೆಳಗ್ಗೆ ನಲವತ್ತನಾಲ್ಕು ಎಂದು ಬರೆಯುವಾಗ ಗಮನಿಸಿದೆ, ಒಲೆ ಹೊತ್ತಿಸಿರಲಿಲ್ಲ. ಸುಮತಿ ಕೋಣೆಯಲ್ಲಿ ಹೊದ್ದು ಮಲಗಿದ್ದಳು.

"ಮೂರು ದಿನದಿಂದ ಜ್ವರ ಉಂಟು," ಎಂದಳು.

"ನನಗೆ ಹೇಳುವುದಲ್ಲವಾ?"

"ಆ ಕಂಪ್ಯೂಟರು ನಿಮಗೆ ಹೇಳ್ತದಾ? ನೀವೇ ಹೋಗಿ ಕೇಳುವುದಲ್ಲವಾ?"

ಮನೆಯಲ್ಲೆಲ್ಲ ಹುಡುಕಿದೆ, ಥರ್ಮಾಮೀಟರ್ ಇರಲಿಲ್ಲ. ಔಷಧದ ಅಂಗಡಿಗೆ ಓಡಿ ಒಂದನ್ನು ತಂದೆ. ಅದನ್ನು ಹೇಗೆ ಹಿಡಿಯಬೇಕೆಂದು ಅವಳೇ ತೋರಿಸಿಕೊಟ್ಟಳು. ನೂರೆರಡು ಇತ್ತು. ಮದುವೆಯಾದ ಮೂವತ್ತೈದು ವರ್ಷಗಳಲ್ಲಿ ಅವಳ ಜ್ವರವನ್ನು ನಾನು ನೋಡಿದ್ದು ಅದೇ ಮೊದಲು.