ಈಶಾನ್ಯಕ್ಕೆ ಹರಿದ ನೀರು

ನನ್ನ ಸೋದರಮಾವನಿಗೆ ಮನುಷ್ಯರ ಮುಖ ಕಾಣುವುದಿಲ್ಲ, ನೆಲ ಮಾತ್ರ ಕಾಣುತ್ತದೆ ಎಂದರೆ ನೀವು ನಂಬಬೇಕು! ಯಾರ ಮನೆಗೆ ಹೋದರೂ ಜೇಬಿನಿಂದ ಗೋಲಿ ತೆಗೆದು ನೆಲದ ಮೇಲಿಡುತ್ತಾರೆ. ಅದು ಉರುಳಿದ ದಿಕ್ಕಿನ ಮೇಲೆ ಆ ಮನೆಯವರ ಯೋಗ್ಯತೆ ತೀರ್ಮಾನವಾಗುತ್ತದೆ. ನನಗೆ ಹೆಣ್ಣು ನೋಡಲು ಹೋದಾಗ ನಾವೆಲ್ಲ ಉಪ್ಪಿಟ್ಟು ತಿನ್ನುತ್ತಿದ್ದರೆ ಇವರು ಹಿತ್ತಲಲ್ಲಿದ್ದರು. ಒಳಗೆ ಬಂದು, ಹುಡುಗಿಯ ವಿಷಯ ತಮಗೆ ಗೊತ್ತಿಲ್ಲ, ಮಳೆನೀರು ಮಾತ್ರ ನೇರ ಮೋರಿಗೆ ಹೋಗುತ್ತದೆ, ಒಳ್ಳೆಯ ಜನ ಎಂದು ತೀರ್ಪು ಕೊಟ್ಟರು. ಮದುವೆ ಆಗಿಯೇ ಹೋಯಿತು!

ಮಳೆ ಬಂದರೆ ಊರೆಲ್ಲ ಒಳಗೆ ಓಡುತ್ತದೆ, ಇವರು ಕೊಡೆ ಹಿಡಿದು ಹೊರಗೆ ಹೊರಡುತ್ತಾರೆ. ನಮ್ಮ ಸೈಟಿನ ನೀರು ಪಕ್ಕದವರ ಸೈಟಿಗೆ ನುಗ್ಗಬಾರದು, ರಸ್ತೆಯ ಮೋರಿಗೋ ನಮ್ಮದೇ ಇಂಗುಗುಂಡಿಗೋ ಹೋಗಬೇಕು ಎಂಬ ನಿಯಮವನ್ನು ಅವರ ಬಾಯಿಂದ ಕೇಳದ ಮೇಸ್ತ್ರಿ ಬನಶಂಕರಿಯಲ್ಲೇ ಇಲ್ಲ.

ಇಂಥವರ ಸೋದರಳಿಯನಾದ ನಾನು ಪದ್ಮನಾಭನಗರದಲ್ಲಿ ಮನೆ ಕಟ್ಟಿಸಿದಾಗ ಮಾಡಿದ್ದೇನು? ಮಾವನಿಗೆ ಹೇಳದೆ, ವಾಸ್ತುವಿನವರ ಮಾತು ಕೇಳಿ, ಅಂಗಳ ಎತ್ತರಿಸಿ ಈಶಾನ್ಯಕ್ಕೆ ಇಳಿಜಾರು ಕೊಡಿಸಿದೆ. ಮೋರಿ ಇದ್ದದ್ದು ಪಶ್ಚಿಮಕ್ಕೆ! ಮೊದಲ ಮಳೆಗೇ ನಮ್ಮ ನೀರೆಲ್ಲ ಪೂರ್ವದ ಪಕ್ಕದ ಮನೆಗೆ ನುಗ್ಗಿತು. ಅಲ್ಲಿನ ಕೆಳಗಿನ ಕೋಣೆಯಲ್ಲಿ ಟೀಚರೊಬ್ಬರು ಬಾಡಿಗೆಗಿದ್ದು ಟ್ಯೂಷನ್ ನಡೆಸುತ್ತಿದ್ದರು. ಮಕ್ಕಳು ಬೆಂಚಿನ ಮೇಲೆ ಕಾಲು ಮಡಚಿ ಕೂತರು. ಟೀಚರ್ ಜಗಳಕ್ಕೇನೂ ಬರಲಿಲ್ಲ. ಬೇರೆ ಕೋಣೆ ಹುಡುಕುತ್ತಿದ್ದಾರೆಂದು ನನ್ನ ಹೆಂಡತಿ ಹೇಳಿದಳು.

ಸುದ್ದಿ ತಿಳಿದು ಮಾವ ಬಂದರು. ಹೊಸ ಟೈಲ್ಸ್ ಒಡೆಸಿ ಇಳಿಜಾರು ಬದಲಿಸು ಎಂದರು. ವಾಸ್ತು ಕೆಡುತ್ತದಲ್ಲ ಎಂದು ನಾನು ರಾಗ ಎಳೆದೆ. ಬೈಗುಳಕ್ಕೆ ಸಿದ್ಧನಾಗಿದ್ದರೆ, ಅವರು ಮೆಟ್ಟಿಲ ಮೇಲೆ ಕೂತರು.

"ನಾನೂ ಮನೆ ಕಟ್ಟಿದಾಗ ಹೀಗೇ ಎತ್ತರ ಮಾಡಿದ್ದೆ ಕಣೋ. ನೀರು ಪಕ್ಕದ್ಮನೆ ಅಡುಗೆಮನೆಗೆ ಹೋಗ್ತಿತ್ತು. ಅವನು ನನ್ನ ಸ್ನೇಹಿತ. ಒಂದ್ ಮಾತೂ ಆಡ್ದೆ ಮನೆ ಮಾರ್ಕೊಂಡು ಹೋದ. ಅವನು ಜಗಳ ಆಡಿದ್ರೆ ನಾನು ಸರಿ ಮಾಡಿಸ್ತಿದ್ನೋ ಏನೋ."

ನನಗೆ ನಾಚಿಕೆಯಾಯಿತು. ಅಂದೇ ಟೀಚರ್ ಬಳಿ ಹೋಗಿ, ಇನ್ನೊಂದು ಮಳೆಯವರೆಗೆ ಇರಿ ಎಂದು ಕೇಳಿಕೊಂಡೆ. ವಾರದೊಳಗೆ ಅಂಗಳ ಪಶ್ಚಿಮಕ್ಕೆ ಇಳಿಯಿತು.

ಆ ಮಳೆ ಒಂದು ಸಂಜೆ ಜೋರಾಗಿಯೇ ಬಂತು. ನಾನೂ ಮಾವನೂ ಒಂದೇ ಕೊಡೆಯಲ್ಲಿ ನಿಂತು ನೋಡಿದೆವು. ನೀರೆಲ್ಲ ಮೋರಿ ಸೇರಿತು. ಗೋಡೆಯಾಚೆ ಮಕ್ಕಳು ಮಗ್ಗಿ ಹೇಳುತ್ತಲೇ ಇದ್ದರು. ಹದಿಮೂರರ ಮಗ್ಗಿ ಮುಗಿಯುವವರೆಗೂ ಮಾವ ಅಲ್ಲಾಡಲಿಲ್ಲ.

ಆಮೇಲೆ ಮೆಲ್ಲಗೆ ಕೇಳಿದರು: "ಮನೆ ಮಾರ್ಕೊಂಡು ಹೋದವ್ನು ಈಗ ಗೊಟ್ಟಿಗೆರೆಲಿದಾನಂತೆ. ನಾಳೆ ಕರ್ಕೊಂಡು ಹೋಗ್ತೀಯಾ?"