ನಾಲ್ಕನೇ ಮೂಲೆ

"ಈ ಚೌಕಟ್ಟು ಅಂಗಡಿಯದಲ್ಲ, ನನ್ನ ಸ್ವಂತ ಕೈಕೆಲಸ! ನೂರು ವರ್ಷ ಅಲುಗಾಡುವುದಿಲ್ಲ!" ಎಂದು ಗಣಿತದ ಮೇಷ್ಟ್ರು ಶಾಲೆಯ ಸಭಾಂಗಣದಲ್ಲಿ ಮೈಕು ಹಿಡಿದು ಘೋಷಿಸಿದರು. ಅಂದು ನಿವೃತ್ತರಾಗುತ್ತಿದ್ದ ಹೆಡ್‌ಮಾಸ್ಟರು ಕಣ್ಣೊರೆಸಿಕೊಂಡು, ತಮ್ಮದೇ ಭಾವಚಿತ್ರವಿದ್ದ ಆ ಚೌಕಟ್ಟನ್ನು ಎರಡೂ ಕೈಯಿಂದ ಎತ್ತಿ ಸಭೆಗೆ ತೋರಿಸಿದರು. ನೂರು ವರ್ಷ ಹನ್ನೊಂದು ಸೆಕೆಂಡಿಗೆ ಮುಗಿಯಿತು! ಟಪ್ಪನೆ ಕೆಳಗಿನ ಪಟ್ಟಿ ಕಳಚಿತು, ಭಾವಚಿತ್ರ ಜಾರಿ ಮೇಜಿನಡಿ ಸೇರಿತು, ಹೆಡ್‌ಮಾಸ್ಟರ ಕೈಯಲ್ಲಿ ಉಳಿದದ್ದು ಫುಟ್‌ಬಾಲಿನ ಗೋಲು. ಅದರೊಳಗಿಂದ ಅವರ ನಿಜವಾದ ಮುಖ ಪಿಳಿಪಿಳಿ ನೋಡುತ್ತಿತ್ತು.

"ಇವತ್ತಿನಿಂದ ನಮ್ಮ ಹೆಡ್‌ಮಾಸ್ಟರು ಯಾವ ಚೌಕಟ್ಟಿಗೂ ಸಿಗೋರಲ್ಲ!" ಎಂದರು ವಿಜ್ಞಾನದ ಮೇಷ್ಟ್ರು. ಸಭೆ ಬಿದ್ದು ಬಿದ್ದು ನಕ್ಕಿತು.

ಇಪ್ಪತ್ತೈದು ವರ್ಷದಿಂದ ಕೋನಗಳನ್ನೇ ಕಲಿಸುತ್ತ, ಮಕ್ಕಳ ಬಾಯಲ್ಲಿ 'ಕೋನದ ಮೇಷ್ಟ್ರು' ಎಂದೇ ಖ್ಯಾತರಾದವರಿಗೆ ಇದಕ್ಕಿಂತ ಅವಮಾನ ಬೇಕೆ? ಮನೆಗೆ ಬಂದವರೇ ಅವಶೇಷಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಹರಡಿ, ಕೋನಮಾಪಕ ಇಟ್ಟು ಮರಣೋತ್ತರ ಪರೀಕ್ಷೆ ನಡೆಸಿದರು.

"ತಪ್ಪು ನಂದಲ್ಲ ಕಣೇ, ಆ ಹಳೇ ಗರಗಸದ್ದು! ನಲವತ್ತೈದಕ್ಕೆ ನಿಲ್ಲಿಸಿದ್ರೆ ನಲವತ್ನಾಲ್ಕೂವರೆಗೆ ಕೊಯ್ದಿದೆ. ಒಂದು ಚೌಕಟ್ಟಿಗೆ ಎಂಟು ಕೊಯ್ತ. ಎಂಟರ್ಧ ನಾಲ್ಕು! ನಾಲ್ಕು ಡಿಗ್ರಿ ಎಲ್ಲಾ ಬಂದು ಕೊನೇ ಮೂಲೇಲಿ ಕೂತಿದೆ."

"ಫೇಲಾದ ಹುಡುಗ ಬಂದು ಪೆನ್ನು ಸರಿ ಇರ್ಲಿಲ್ಲ ಸಾರ್ ಅಂದ್ರೆ ನೀವೇನಂತೀರಿ?" ಎಂದಳು ಹೆಂಡತಿ, ಕೋನಮಾಪಕವನ್ನು ಸರಿಸಿ ಪಾತ್ರೆ ಇಡುತ್ತ.

"ಆ ಮಾತೇ ಬೇರೆ."

ಬೇರೆಯೇ ಆಗಿತ್ತು. ಮೇಷ್ಟ್ರ ಮಾವ ಬಡಗಿ. ಊರಿನ ಅರ್ಧ ಬಾಗಿಲು, ಮುಕ್ಕಾಲು ಮೇಜು ಅವರ ಕೈಯವು. ಯಾರ ಮನೆಗೆ ಹೋದರೂ ಮೊದಲು ಮನೆಯವರನ್ನಲ್ಲ, ಮನೆಯ ಮೂಲೆಗಳನ್ನು ಮಾತಾಡಿಸುವ ಮನುಷ್ಯ. ಮಗಳಿಗೆ ವರ ನೋಡಲು ಬಂದ ದಿನ, ಕೂರಲು ಕೊಟ್ಟ ಕುರ್ಚಿಯನ್ನು ತಲೆಕೆಳಗು ಮಾಡಿ, ಸೇರಿಕೆ ಪರೀಕ್ಷಿಸಿ, ಆಮೇಲೆ ಕೂತಿದ್ದರು. ವರನ ಅಂಗೈ ನೋಡಿ, "ಸೀಮೆಸುಣ್ಣದ ಕೈ" ಎಂದು ಒಂದೇ ಮಾತಿನ ತೀರ್ಪು ಕೊಟ್ಟಿದ್ದರು. ಅಂದಿನಿಂದ ಇಪ್ಪತ್ನಾಲ್ಕು ವರ್ಷ ಮೇಷ್ಟ್ರಿಗೆ ಒಂದೇ ಹಂಬಲ: ಆ ಬಾಯಿಂದ ಒಂದು "ಪರವಾಗಿಲ್ಲ" ಕೇಳಬೇಕು. ಭೇಷ್ ಬೇಡ. ಬರೀ ಪರವಾಗಿಲ್ಲ!

ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು. ಊರಿನವರ ಫೋಟೋಗಳಿಗೆಲ್ಲ ಚೌಕಟ್ಟು ಕಟ್ಟಿದ ಮುದುಕ, ಹೆಂಡತಿಯ ಫೋಟೋಗೆ ಮಾತ್ರ ಕಟ್ಟಲಿಲ್ಲ. ಕೇಳಿದರೆ, "ಉಳಿ ಹಿಡಿದ್ರೆ ಕೈ ಬರಲ್ಲಮ್ಮ" ಎನ್ನುತ್ತಿದ್ದರು. ಆ ಫೋಟೋ ಮಗಳ ಬೀರುವಿನಲ್ಲಿ ಎರಡು ಸೀರೆಗಳ ನಡುವೆ ಮಲಗಿತ್ತು. ಆಗಾಗ ಅವಳು ಮಡಿಸಿದ ಸೀರೆಯನ್ನೇ ಮತ್ತೆ ಬಿಚ್ಚಿ ಮಡಿಸುತ್ತಿದ್ದುದು ಯಾಕೆಂದು ಮೇಷ್ಟ್ರಿಗೆ ಗೊತ್ತಿತ್ತು. ಇನ್ನೆರಡು ವಾರಕ್ಕೆ ಮಾವ ಬರುವವರಿದ್ದರು. ಅಷ್ಟರಲ್ಲಿ ಫೋಟೋ ಗೋಡೆಯ ಮೇಲಿರಬೇಕು!

ಹೀಗೆ ಮೇಷ್ಟ್ರಿಗೆ ಗರಗಸದ ಗರ ಬಡಿಯಿತು. ಮೈಟರ್ ಗರಗಸ ಎಂದರೆ, ಬೇಕಾದ ಓರೆಗೆ ತಿರುಗಿಸಿ, ಕತ್ತು ಹಿಡಿದು ಬಗ್ಗಿಸಿದರೆ ಮರದ ಪಟ್ಟಿಯನ್ನು ಅದೇ ಓರೆಯಲ್ಲಿ ಕೊಯ್ದುಕೊಡುವ ಯಂತ್ರ. ಅವುಗಳಲ್ಲಿ ಎಷ್ಟು ಜಾತಿ, ಎಷ್ಟು ಉಪಜಾತಿ! ಒಂದು ಬರೀ ಬಗ್ಗುತ್ತದೆ, ಒಂದು ಬಗ್ಗಿ ಜಾರುತ್ತದೆ, ಇನ್ನೊಂದು ಬಗ್ಗಿ, ಜಾರಿ, ಎಡಕ್ಕೂ ಬಲಕ್ಕೂ ವಾಲುತ್ತದೆ, ಮೇಲಾಗಿ ಕೊಯ್ಯುವ ಜಾಗಕ್ಕೆ ಕೆಂಪು ಬೆಳಕಿನ ಗೆರೆ ಎಳೆಯುತ್ತದೆ. ಮೇಷ್ಟ್ರು ಅಂಕಪಟ್ಟಿಯ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಂಬತ್ತು ಗರಗಸಗಳನ್ನು ಸಾಲಾಗಿ ನಿಲ್ಲಿಸಿ ಅಂಕ ಕೊಟ್ಟರು. ಎರಡು ನಪಾಸಾದವು.

"ಹಲ್ಲಿನ ಲೆಕ್ಕ ಮುಖ್ಯ ಕಣೇ. ಇಪ್ಪತ್ನಾಲ್ಕು ಹಲ್ಲಿನ ಬ್ಲೇಡು ಹರಿದುಹಾಕುತ್ತೆ. ಅರವತ್ತು ಹಲ್ಲಿಂದಾದ್ರೆ ಬೆಣ್ಣೆ ಥರ ಕೊಯ್ಯುತ್ತೆ."

"ಮೂವತ್ತೆರಡು ಹಲ್ಲಿನವಳು ಮನೇಲಿ ಒಬ್ಬಳು ಸಾಲದಾ? ನನ್ನ ನೋಡೋಕೆ ಬಂದಾಗ ಇಷ್ಟು ವಿಚಾರಿಸಿರ್ಲಿಲ್ಲ ನೀವು."

"ಆಗ ಹೋಲಿಸಿ ನೋಡೋಕೆ ಬೇರೆ ಯಾರೂ ಇರ್ಲಿಲ್ಲ."

ಅಂದು ರಾತ್ರಿಯ ಊಟ ತಣ್ಣಗಿತ್ತು.

ಯಂತ್ರದಂಗಡಿಯವನು ಒಂದೇ ಪ್ರಶ್ನೆ ಕೇಳಿದ: "ಏನು ಮಾಡೋಕೆ ಸಾರ್?"

"ಫೋಟೋಗೆ ಚೌಕಟ್ಟು."

"ಒಂದೇ ಫೋಟೋನಾ?"

"ಒಂದೇ."

ಅಂಗಡಿಯವನು ತನ್ನ ಸಹಾಯಕಿಯ ಮುಖ ನೋಡಿದ. "ಚಿಕ್ಕದು ಸಾಕು ಸಾರ್. ಜಾರೋದು ಬೇಡ, ಹಿಂದೆ ತುಂಬಾ ಜಾಗ ತಿನ್ನುತ್ತೆ." ಮೇಷ್ಟ್ರಿಗೆ ಆ ಮಾತಿನಲ್ಲಿ ಸೀಮೆಸುಣ್ಣದ ವಾಸನೆ ಹೊಡೆಯಿತು. "ಜಾರೋದೇ ಕೊಡಿ. ದೊಡ್ಡದು!"

ಗರಗಸ ಬಂತು. ಇಬ್ಬರು ಹೊತ್ತು ತಂದು ಬಟ್ಟೆ ಒಗೆಯುವ ಕೋಣೆಯಲ್ಲಿಟ್ಟರು. ಅದರ ಬಾಲ ಹಿಂದಿನ ಗೋಡೆಗೆ ಬಡಿಯಿತು. ಮೇಜನ್ನು ಮುಂದಕ್ಕೆ ಎಳೆದರು. ವಾಷಿಂಗ್ ಮಿಷಿನ್ನಿನ ಬಾಗಿಲು ತೆರೆಯದಾಯಿತು. ಮಿಷಿನ್ನನ್ನು ತಿರುಗಿಸಿದರು. ಕೋಣೆಯ ಬಾಗಿಲೇ ಮುಚ್ಚದಾಯಿತು. ಒಂದು ವಾರ ಮನೆಯಲ್ಲಿ ಬಟ್ಟೆ ಒಗೆಯಲಿಲ್ಲ. ಮೇಷ್ಟ್ರು ಮದುವೆಯ ಸೂಟಿನ ಪ್ಯಾಂಟು ಹಾಕಿಕೊಂಡು ಪಾಠ ಮಾಡಿ ಬಂದರು.

ಆದರೆ ಯಂತ್ರ! ಆಹಾ, ಏನು ಗರ್ಜನೆ, ಏನು ನಿಖರತೆ! ಪರೀಕ್ಷೆಗೆಂದು ಹಳೆಯ ಪರದೆಯ ಕೋಲು ಕೊಯ್ದರು. ಸರಿಯಾಗಿ ನಲವತ್ತೈದು! ನಂಬಿಕೆಯಾಗದೆ ನೆಲ ಒರೆಸುವ ಕೋಲನ್ನೂ ಕೊಯ್ದರು. ನಲವತ್ತೈದೇ!

"ಈ ಮನೇಲಿ ನೆಟ್ಟಗಿರೋದು ಇನ್ನೇನಾದ್ರೂ ಉಳಿದಿದೆಯಾ?" ಎಂದಳು ಹೆಂಡತಿ, ಗಿಡ್ಡವಾದ ಕೋಲಿನಿಂದ ನಡು ಬಗ್ಗಿಸಿ ನೆಲ ಒರೆಸುತ್ತ.

ಮಾವ ಬರುವ ಹಿಂದಿನ ಸಂಜೆ. ತೇಗದ ಪಟ್ಟಿಗಳು ನಾಲ್ಕೂ ಸಿದ್ಧ. ಮೊದಲ ಮೂಲೆ ಕೂಡಿತು, ಕೂದಲೂ ತೂರದಂತೆ. ಎರಡನೆಯದೂ ಕೂಡಿತು, ಮೂರನೆಯದೂ. ಮೇಷ್ಟ್ರು ನಾಲ್ಕನೆಯದಕ್ಕೆ ಬಂದರು. ಅದು ಬಾಯಿ ಬಿಟ್ಟುಕೊಂಡು ನಗುತ್ತಿತ್ತು! ಹಲ್ಲಿಯೊಂದು ಮರಿಗಳ ಸಮೇತ ಸಂಸಾರ ಹೂಡಬಹುದಾದಷ್ಟು ಸಂದು. ಕೋನಮಾಪಕ ಇಟ್ಟರೆ ಎಲ್ಲ ತುದಿಯೂ ನಲವತ್ತೈದೇ. ಮೇಷ್ಟ್ರು ಹಾಗೇ ನೆಲಕ್ಕೆ ಕುಸಿದು ಕೂತರು.

"ಇನ್ನೂ ಒಳ್ಳೇ ಗರಗಸ ಬೇಕಿತ್ತು ಕಣೇ," ಎಂದರು. ದನಿ ಅಳುಬುರುಕ ಹುಡುಗನದಾಗಿತ್ತು. "ನಿಮ್ಮಪ್ಪ ಬಂದು ಈ ಮೂಲೆ ನೋಡ್ತಾರೆ. ಇದೊಂದೇ ನೋಡ್ತಾರೆ."

ಹೆಂಡತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ಪಟ್ಟಿಗಳನ್ನು ಬಿಡಿಸಿದಳು. ಎಡದ್ದನ್ನೂ ಬಲದ್ದನ್ನೂ ಬೆನ್ನಿಗೆ ಬೆನ್ನು ಹಚ್ಚಿ ಮೇಜಿನ ಮೇಲೆ ನಿಲ್ಲಿಸಿದಳು. ಕಣ್ಣು ಮುಚ್ಚಿದಳು. ಮೇಲಿನ ತುದಿಗಳ ಮೇಲೆ ಬೆರಳಾಡಿಸಿದಳು.

"ಇದು ಉದ್ದ. ಒಂದು ಅಕ್ಕಿಕಾಳಷ್ಟು."

ಮೇಷ್ಟ್ರು ಬೆರಳಾಡಿಸಿದರು. ಹೌದು! ಆಯತದ ಎದುರು ಬಾಹುಗಳು ಸಮ! ಇದನ್ನು ಹೇಳದ ಎಷ್ಟು ಮಕ್ಕಳನ್ನು ಅವರು ಬೆಂಚಿನ ಮೇಲೆ ನಿಲ್ಲಿಸಿದ್ದರು! ಅರ್ಧ ಡಿಗ್ರಿಯನ್ನು ಬೆನ್ನಟ್ಟಿ ಹೋದವರು ಉದ್ದ ಹೋಲಿಸುವುದನ್ನೇ ಮರೆತಿದ್ದರು.

"ನಿನಗೆ ಹೇಗೆ ಗೊತ್ತು?"

"ಅಪ್ಪ ಕೊಯ್ಯೋವಾಗ ಜೋಡಿ ನೋಡೋ ಕೆಲಸ ನಂದು. ಕಣ್ಣು ಸುಳ್ಳು ಹೇಳುತ್ತೆ ಮಗಳೇ, ಬೆರಳಲ್ಲಿ ನೋಡು ಅನ್ನೋರು. ಅಮ್ಮ ಪಕ್ಕದಲ್ಲಿ ಕೂತು ನಗೋಳು." ಅವಳ ಬೆರಳು ಇನ್ನೂ ಮರದ ಮೇಲೇ ಇತ್ತು.

"ಮತ್ತೆ ಮೊದಲೇ ಹೇಳೋದಲ್ವಾ!"

"ನೀವು ಕೇಳಿದ್ದು ಯಾವ ಗರಗಸ ಒಳ್ಳೇದು ಅಂತ. ಮೂಲೆ ಯಾಕೆ ಕೂಡ್ತಿಲ್ಲ ಅಂತ ಯಾವತ್ತು ಕೇಳಿದ್ರಿ?"

ಅಕ್ಕಿಕಾಳಷ್ಟು ಕೊಯ್ದರು. ಅವಳು ಮತ್ತೆ ಕಣ್ಣು ಮುಚ್ಚಿ ಬೆರಳಾಡಿಸಿ, "ಹೂಂ" ಎಂದಳು. ನಾಲ್ಕನೇ ಮೂಲೆ ಬಾಯಿ ಮುಚ್ಚಿತು.

ಮರುದಿನ ಮಾವ ಬಂದರು. ಚಪ್ಪಲಿ ಬಿಟ್ಟು, ಬಾಗಿಲ ಚೌಕಟ್ಟಿನ ಮೇಲೆ ಅಭ್ಯಾಸದಂತೆ ಬೆರಳಾಡಿಸಿ, "ಊದಿಕೊಂಡಿದೆ" ಎಂದರು. ಎರಡು ಹೆಜ್ಜೆ ಒಳಗಿಟ್ಟರು. ಗೋಡೆಯ ಮೇಲಿನ ಫೋಟೋ ಕಂಡಿತು. ಚೀಲ ಅಲ್ಲೇ ಇಳಿಯಿತು.

ಮೇಷ್ಟ್ರು ಪಕ್ಕದಲ್ಲಿ ಹೋಗಿ ನಿಂತರು, ಫಲಿತಾಂಶದ ಹಲಗೆಯ ಮುಂದೆ ನಿಂತ ಹುಡುಗನ ಹಾಗೆ. ಮುದುಕ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಕೈ ನಿಧಾನವಾಗಿ ಮೇಲೆದ್ದಿತು. ಈಗ ಮೂಲೆ ಮುಟ್ಟುತ್ತಾರೆ! ಕೈ ಮೂಲೆ ದಾಟಿ ಹೋಗಿ ಗಾಜಿನ ಮೇಲೆ, ಅತ್ತೆಯ ಕೆನ್ನೆಯ ಹತ್ತಿರ ನಿಂತಿತು.

ಇನ್ನು ತಾಳಲಾಗಲಿಲ್ಲ. ಇಪ್ಪತ್ನಾಲ್ಕು ವರ್ಷ ಗಂಟಲಲ್ಲೇ ಇದ್ದ ಪ್ರಶ್ನೆ ಹೊರಗೆ ಬಂತು.

"ಮಾವ, ಚೌಕಟ್ಟು ಹೇಗಿದೆ?"

ಮುದುಕ ಬೆಚ್ಚಿಬಿದ್ದವರಂತೆ ತಿರುಗಿ, ಅಳಿಯನ ಮುಖವನ್ನೇ ನೋಡಿದರು.

"ಯಾವ ಚೌಕಟ್ಟು?"