ಸೋಮವಾರ ಎತ್ತು ಹೂಡಿದ ಅಳಿಯ

ಜಗತ್ತಿನ ಸಕಲ ನೌಕರರಿಗೂ ಭಾನುವಾರ ರಜೆ. ನನಗೆ ಸೋಮವಾರ. ಗಿಣಿಗೇರಾದ ಬದಿಯ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಲಾರಿ ತೂಗುವ ಕಾಟಾದ ಮೇಲೆ ಕೂರುವವನು ನಾನು. (ಮೇಲೆ ಅಂದರೆ ಪಕ್ಕದ ಕೋಣೆಯಲ್ಲಿ. ನಿಜವಾಗಿ ಮೇಲೆಯೇ ಕೂತರೆ ನನ್ನನ್ನೂ ಅದಿರೆಂದು ಬರೆದುಕೊಂಡಾರು.) ವಾರದ ರಜೆ ಹಂಚಿದ ದಿನ ನಾನು ಚಹಾ ಕುಡಿಯಲು ಹೋಗಿದ್ದೆ. ಮರಳಿ ಬರುವಷ್ಟರಲ್ಲಿ ಭಾನುವಾರ, ಶನಿವಾರ ಎಲ್ಲ ಖರ್ಚಾಗಿ ತಳದಲ್ಲಿ ಸೋಮವಾರ ಒಂದು ಉಳಿದಿತ್ತು.

ಸೋಮವಾರ ರಜೆ ಇರುವವನ ಪಾಡು ಯಾರಿಗೂ ಬೇಡ. ಸಾಣಾಪುರದ ಕೆರೆಗೆ ಹೋಗೋಣವೆಂದರೆ ಜೊತೆಗೆ ಬರಲು ಒಂದು ನರಪ್ರಾಣಿ ಸಿಗುವುದಿಲ್ಲ. ಮನೆಯಲ್ಲಿದ್ದರೆ ಹೆಂಡತಿ ದ್ರಾಕ್ಷಾಯಿಣಿ ಒಂದು ಮೊರ ಗೋಧಿ ಮುಂದಿಟ್ಟು, "ಕಣ್ಣು ಛಲೋ ಅದಾವಲ್ಲ, ಹಳ್ಳು ಆರಿಸರಿ" ಅನ್ನುತ್ತಾಳೆ.

ಇಂಥ ಬರಗೆಟ್ಟ ಸೋಮವಾರಗಳ ನಡುವೆ ಜಹೀರನ ಹಳೆಯ ಲ್ಯಾಪ್‌ಟಾಪು ನನ್ನ ಬಾಳಿಗೆ ಬಂತು. ಜಹೀರ ನನ್ನ ಜೋಡಿ ಕಾಟಾದವನು. ಬಕ್ರೀದಿಗೆ ಅವನ ಪಾಳಿಯನ್ನೂ ನಾನೇ ಮಾಡಿಕೊಟ್ಟದ್ದಕ್ಕೆ ಪ್ರತಿಯಾಗಿ ಅದನ್ನು ನನಗೆ ದಾಟಿಸಿದ. ಎರಡು ಕೀಲಿ ಉದುರಿದ್ದವು, ಮುಚ್ಚಳ ಅರ್ಧವಷ್ಟೇ ತೆರೆಯುತ್ತಿತ್ತು. ಆದರೆ ಅದರೊಳಗೆ ಆತ ಅಳಿಸಲು ಮರೆತ ಒಂದು ಆಟವಿತ್ತು. ಹೊಲದ ಆಟ.

ಒಬ್ಬ ಮನುಷ್ಯ, ಒಂದು ಕಲ್ಲುಮುಳ್ಳಿನ ಹೊಲ, ಕಸ ಕೀಳಲು ಒಂದು ಕುರ್ಚಿಗಿ, ಒಂದು ಕೊಡ. ಕಸ ತೆಗೆಯಬೇಕು, ಬಿತ್ತಬೇಕು, ನೀರು ಹಾಕಬೇಕು, ಬೆಳೆದದ್ದನ್ನು ಸಂತೆಗೆ ಒಯ್ದು ಕೋಳಿ ಕೊಳ್ಳಬೇಕು. ಹೊತ್ತು ಮುಳುಗಿದ ಮೇಲೆ ಆತನನ್ನು ಗುಡಿಸಲಿಗೆ ಕರೆದೊಯ್ದು ಮಲಗಿಸಬೇಕು. ಅಷ್ಟೇ. ನಾನು ಆ ಮನುಷ್ಯನಿಗೆ ನನ್ನದೇ ಹೆಸರಿಟ್ಟು ವಿರುಪಾಕ್ಷಿ ಎಂದು ಕರೆದೆ. ಅವತ್ತು ಕಣ್ಣೆತ್ತಿ ನೋಡಿದಾಗ ಸೋಮವಾರವೇ ಮುಗಿದಿತ್ತು.

ಮರುದಿನ ಕಾಟಾದಲ್ಲಿ ಈ ಮಹಾಶೋಧವನ್ನು ಘೋಷಿಸಿದೆ. ಜಹೀರ ನನ್ನನ್ನು ಕನಿಕರದಿಂದ ನೋಡಿದ. "ಅದು ಬಂದು ಹನ್ನೆರಡು ವರ್ಷ ಆತೋ ಮಾರಾಯಾ. ನಾ ಕಾಲೇಜಿನ್ಯಾಗ ಇದ್ದಾಗ ಆಡಿ ಬಿಟ್ಟೀನಿ." ಇಡೀ ಲೋಕ ಉಂಡು ಕೈತೊಳೆದು ಎಲೆ ಎತ್ತಿದ ಮೇಲೆ ನಾನು ಪಂಕ್ತಿಗೆ ಬಂದಿದ್ದೆ. ಆದರೆ ಒಂದು ಮಾತು ಹೇಳುತ್ತೇನೆ. ಕಡೆಯ ಪಂಕ್ತಿಯವನಿಗೆ ಸಾರು ಗಟ್ಟಿ. ಅವಸರಪಡಿಸುವವರಿಲ್ಲ, ನಿನಗಿಂತ ಮುಂದೆ ಹೋದೆ ಎಂದು ಅಣಕಿಸುವವರಿಲ್ಲ. ನನ್ನ ಕೋಳಿ ಮೊಟ್ಟೆ ಇಡದಿದ್ದಾಗ ಮೊಬೈಲಿನಲ್ಲಿ ಹುಡುಕಿದರೆ, ಒಂಬತ್ತು ವರ್ಷದ ಹಿಂದೆ ಯಾವ ದೇಶದವನೋ ಒಬ್ಬ ಇದೇ ಗೋಳನ್ನು ತೋಡಿಕೊಂಡಿದ್ದ. ಯಾರೂ ಉತ್ತರಿಸಿರಲಿಲ್ಲ. "ಅಣ್ಣಾ, ನಿನ್ನ ಕೋಳಿ ಕಡೆಗೂ ಇಟ್ಟಿತೆ?" ಎಂದು ನಾನು ಬರೆದೆ. ಇನ್ನೂ ಕಾಯುತ್ತಿದ್ದೇನೆ.

ಮನೆಯಲ್ಲಿ ಮಾತ್ರ ಇದನ್ನು ಆಟವೆಂದು ಹೇಳುವ ಹಾಗಿರಲಿಲ್ಲ.

"ಅದರಾಗ ಏನ್ ಮಾಡಾಕತ್ತೀರಿ?" ಎಂದಳು ದ್ರಾಕ್ಷಾಯಿಣಿ.

"ಕಂಪನಿ ಟ್ರೇನಿಂಗ್."

"ಟ್ರೇನಿಂಗಿನ್ಯಾಗ ಕೋಳಿ ಕೂಗತೈತೇನ್ರಿ?"

"ಅದು ಪಾಳಿ ಬದಲಾಗೋ ಸೈರನ್ನು."

"ಹೌದಾ," ಎಂದು ಆಕೆ ಒಳಗೆ ಹೋದಳು. ಬಾಗಿಲಲ್ಲಿ ನಿಂತು ಕೇಳಿದಳು, "ಸೈರನ್ನು ಮೊಟ್ಟಿನೂ ಇಡತೈತಿ?"

ಸುಳ್ಳಿಗೆ ಕಾರಣವಿತ್ತು. ಮದುವೆಯಾದ ವರ್ಷ ಯಲಬುರ್ಗಾ ಕಡೆಯ ಮಾವನ ಊರಿಗೆ ಹೋದಾಗ ಅವರು ಪ್ರೀತಿಯಿಂದ ನನ್ನನ್ನು ಹೊಲಕ್ಕೆ ಕರೆದೊಯ್ದು, ಪ್ರೀತಿಯಿಂದಲೇ ಕುರ್ಚಿಗಿ ಕೈಗಿತ್ತು ಕಸ ತೆಗೆಯಲು ಕೂರಿಸಿದ್ದರು. ಅರ್ಧ ಸಾಲು ಮುಗಿಯುವ ಮೊದಲೇ ನನಗೆ ಸೊಂಟನೋವು ದಯಮಾಡಿಸಿತು. (ಆಗ ಅದು ನೋವಾಗಿರಲಿಲ್ಲ, ಕೇವಲ ಒಂದು ಆಲೋಚನೆಯಾಗಿತ್ತು.) ಮೂರು ವರ್ಷದಿಂದ ಆ ಸೊಂಟವನ್ನು ಹೆತ್ತ ಮಗುವಿನಂತೆ ಸಾಕಿಕೊಂಡು ಬಂದಿದ್ದೆ. ಬಿತ್ತನೆಗೆ ಕರೆದರೆ ಸೊಂಟ, ರಾಶಿಗೆ ಕರೆದರೆ ಸೊಂಟ. ಮೇಲಿಂದ, "ನನಗ ಹೊಲದ ಕೆಲಸದ ಗಂಧಾನ ಇಲ್ಲರಿ ಮಾವಾರ, ನಾ ಕಂಪನಿ ಮನಷ್ಯಾ" ಎಂಬ ವಿನಯ ಬೇರೆ. ಅಂಥವನು ದಿನಕ್ಕೆ ನಲವತ್ತು ಸಾಲು ಕುಂಬಳಕ್ಕೆ ನೀರು ಹಾಕುತ್ತಾನೆಂದು ಗೊತ್ತಾದರೆ?

ಗೊತ್ತಾಗುವ ಯೋಗ ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡು ಬಂತು.

ಮಾವ ಕಳಕಪ್ಪನವರು ಹೊಲದ ಒಡ್ಡಿನ ಮೇಲಿಂದ ಜಾರಿ ಬಿದ್ದರು. ಆರು ವಾರ ಕಾಲು ಅಲುಗಾಡಿಸಬಾರದೆಂದು ಕೊಪ್ಪಳದ ಡಾಕ್ಟರು ಹೇಳಿದ್ದರಿಂದ, ಹತ್ತಿರದಲ್ಲಿರಲಿ ಎಂದು ಅವರನ್ನು ನಮ್ಮ ಎರಡು ಕೋಣೆಯ ಮನೆಗೆ ತಂದೆವು. ಮುಂದಿನ ಕೋಣೆಯಲ್ಲಿ ಮಂಚ ಹಾಕಿದೆವು. ಅತ್ತೆ ಹುಲಗಮ್ಮ ದನ ನೋಡಿಕೊಳ್ಳಲು ಊರಲ್ಲೇ ಉಳಿದರು. ಮಾವನಿಗೆ ಗಂಡುಮಕ್ಕಳಿಲ್ಲ. ನಾಲ್ಕು ಎಕರೆ ಎರೆ ಹೊಲ, ಒಂದು ಜೋಡಿ ಎತ್ತು, ಒಬ್ಬಳೇ ಮಗಳು, ಮತ್ತು ಸೊಂಟವಿಲ್ಲದ ಒಬ್ಬ ಅಳಿಯ.

ಭಾನುವಾರ ಸಂಜೆ ಅವರು ಸೂರು ನೋಡುತ್ತ ಮಗಳಿಗೆ ಹೇಳಿದರು, "ಕಡಲಿ ಗೇಣುದ್ದ ಆಗೈತಿ ಯವ್ವಾ. ಈ ವಾರದಾಗ ಕುಡಿ ಚಿವುಟಬೇಕು. ಹಂಗ ಬಿಟ್ರ ಬರೇ ಮ್ಯಾಲ ಹೋಗತೈತಿ, ಕಾಯಿ ಹಿಡಿಯಂಗಿಲ್ಲ."

"ಆಳು ಹಚ್ಚಾಕ ಬರಂಗಿಲ್ಲೇನಪ್ಪಾ?"

"ಎಲ್ಲ್ಯಾರ ಆಳು? ಎಲ್ಲಾರೂ ಹತ್ತಿ ಬಿಡಸಾಕ ಹೋಗ್ಯಾರ. ನಿಮ್ಮವ್ವ ಒಬ್ಬಾಕಿ ಎಷ್ಟಂತ ಚಿವುಟ್ಯಾಳು. ನಮ್ಮ ವರ್ಷ ಎಲ್ಲಾ ಈ ಕಡಲಿ ಮ್ಯಾಲ ಐತಿ."

ನಾಲ್ಕು ಕಣ್ಣುಗಳು ಮೆಲ್ಲಗೆ ಸರಿದು ನನ್ನ ಸೊಂಟದ ಮೇಲೆ ನಿಂತವು. ನಾನು ಅದರ ಮೇಲೆ ಕೈಯಿಟ್ಟು, "ಅಯ್ಯಪ್ಪಾ" ಎಂದು ನರಳಿ, ಎದ್ದು ಹೊರಗೆ ಹೋದೆ.

ಇಷ್ಟಾದ ಮೇಲೆ ಬುದ್ಧಿಯಿದ್ದವನು ಸೋಮವಾರ ಲ್ಯಾಪ್‌ಟಾಪು ಮುಟ್ಟುತ್ತಿರಲಿಲ್ಲ. ಆದರೆ ಆ ಸೋಮವಾರ ಸಾಮಾನ್ಯದ್ದಲ್ಲ. ಏಳು ಸೋಮವಾರ ಕುಂಬಳಕಾಯಿ ಬೆಳೆದು ಮಾರಿ, ಹಿಂದಿನ ವಾರವಷ್ಟೇ ನಾನು ಒಂದು ಜೋಡಿ ಎತ್ತು ಕೊಂಡಿದ್ದೆ. ಬಿಳಿಯವು, ಕೋಡು ಒಂದಕ್ಕೊಂದು ತೂಗಿದಂತೆ. ಅಂದು ಮೊದಲ ನೇಗಿಲು. ಆರು ಗಂಟೆಗೆ ಎದ್ದೆ. ಮಾವ ಮುಸುಕೆಳೆದು ಮಲಗಿದ್ದರು. ಮಂಚಕ್ಕೆ ಬೆನ್ನು ಮಾಡಿ ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಕೋಳಿಯ ಬಾಯಿ ಮುಚ್ಚಿಸಿ (ಸದ್ದು ತೆಗೆದು), ಎತ್ತು ಹೂಡಿದೆ.

ಅರ್ಧ ಹೊಲ ಹೊಡೆದಿದ್ದೆ. ಬೆನ್ನ ಹಿಂದೆ ದನಿ ಬಂತು.

"ಎತ್ತಿನ ಕೊಳ್ಳ ಹರೀರಿ."

ತಿರುಗಿದರೆ ಮಾವ ಮೊಣಕೈ ಊರಿ ಎದ್ದು ಕೂತಿದ್ದರು. ಯಾವಾಗಿನಿಂದ ನೋಡುತ್ತಿದ್ದರೋ.

"ಅಳಿಯಾರ, ನಿಮಗ ಹೇಳಾಕತ್ತಿದ್ದು. ಇವತ್ತ ಸೋಮವಾರ. ಬಸವಣ್ಣನ ದಿನ. ಎತ್ತು ಹೂಡತಾರೇನ್ರಿ? ಮೊದಲ ನೊಗ ಇಳಸ್ರಿ."

"ಮಾವಾರ, ಇದು ಆಟರಿ."

"ಆಟ ನಿಮಗ. ಎತ್ತಿಗೆ?"

ಹನ್ನೆರಡು ವರ್ಷದಲ್ಲಿ ಲೋಕದ ಯಾವ ಆಟಗಾರನಿಗೂ ಯಾರೂ ಈ ಪ್ರಶ್ನೆ ಕೇಳಿರಲಾರರು. "ನನಗ ಸೂಟಿ ಇರೋದ ಸೋಮವಾರರಿ," ಎಂದೆ ದೀನನಾಗಿ.

"ಅವಕ್ಕೂ ಅವತ್ತ ಸೂಟಿ," ಎಂದರು ಮಾವ.

ಎತ್ತು ಬಿಟ್ಟು ಗಿಡದ ನೆರಳಿಗೆ ಕಟ್ಟಿದೆ. ಮೇವು ಹಾಕಿಸಿದರು. ನೀರು ಕುಡಿಸಿದರು. ಆಮೇಲೆ ಪರದೆಯ ಹತ್ತಿರಕ್ಕೆ ಬಾಗಿ ಕೇಳಿದರು, "ಯಾರದಿದು ಹೊಲ?"

"ನನ್ನದರಿ."

"ಒಡ್ಡು ಛಲೋ ಹಾಕ್ಯಾರ. ಯಾರು ಹಾಕಿದ್ದು?"

"ನಾನ ರಿ."

"ಕಸ ಒಂದ ಕಡ್ಡಿ ಇಲ್ಲಲ್ಲ."

ಓದುಗರೇ, ಏಳು ಸೋಮವಾರ ದುಡಿದರೂ ನನ್ನ ಒಕ್ಕಲುತನವನ್ನು ಮೆಚ್ಚಿದ ಮೊದಲ ಮನುಷ್ಯ ಅವರು. ಅದೂ ಖುದ್ದು ಒಕ್ಕಲಿಗ. ನನ್ನ ತಲೆ ತಿರುಗಿತು. "ಕಸ ಬೆಳಿಯಾಕ ನಾ ಬಿಡಂಗಿಲ್ಲರಿ ಮಾವಾರ," ಎಂದೆ. "ಆರಕ್ಕ ಎದ್ದೆನಂದ್ರ ಮೊದಲ ಕಸ, ಆಮ್ಯಾಲ ನೀರು. ಒಂದ ಬೆಳಿ ತಗದ ಜಾಗಾದಾಗ ಮತ್ತ ಅದ ಬೆಳಿ ಹಾಕಂಗಿಲ್ಲ, ಭೂಮಿ ಸೋಲತೈತಿ. ಗೊಬ್ಬರಾ ಮಾಡಿದ್ದು ನಾನ. ಕುಡಿ ಚಿವುಟೂದೂ ಗೊತ್ತೈತಿ. ಹೊತ್ತು ಮೀರಿ ಬಿಟ್ರ ಕಾಯಿ ಹಿಡಿಯಂಗಿಲ್ಲ."

"ಹೌದ್ ಹೌದು," ಎಂದರು ಮಾವ, ಮೊಮ್ಮಗನ ಮಗ್ಗಿ ಕೇಳುವವರ ಹಾಗೆ. "ಹಂಗಾರ ಕೆಲಸದ ಗಂಧ ಐತಿ."

"ಐತೇನ್ರಿ, ನಾ ಮಲಗಿದ್ರೂ ಕೈ ಮಾಡತಾವ."

"ಎಷ್ಟೊತ್ತಾತು ಹಿಂಗ ಬಗ್ಗಿ ಕುಂತು?"

"ಆರಕ್ಕ ಕುಂತೀನಿ. ಈಗ ಎಂಟು. ಎರಡ ತಾಸು."

"ಸೊಂಟ?"

"ಏನೂ ಆಗಿಲ್ಲರಿ," ಎಂದುಬಿಟ್ಟೆ.

ಆಗ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತಿತು. ಮಾವ ದಿಂಬಿಗೆ ಒರಗಿ, ಒಳಗೆ ಕೇಳುವಷ್ಟು ದನಿಯಲ್ಲಿ, ತೀರಾ ಮೆತ್ತಗೆ ಹೇಳಿದರು, "ದ್ರಾಕ್ಷಾಯಿಣಿ, ಅಳಿಯಾರಿಗೆ ಬುತ್ತಿ ಕಟ್ಟವ್ವ."

ನನ್ನ ಕೊನೆಯ ಅಸ್ತ್ರ ನೆನಪಾಯಿತು. ಅದೂ ಅವರದೇ ಬತ್ತಳಿಕೆಯದು. "ಮಾವಾರ, ಇವತ್ತ ಸೋಮವಾರಲ್ರಿ. ನೀವ ಅಂದ್ರಿ, ಸೂಟಿ ಅಂತ."

"ಸೂಟಿ ಎತ್ತಿಗಿ," ಎಂದರು ಮಾವ.

ಬುತ್ತಿ ಆಗಲೇ ಕಟ್ಟಿತ್ತು. ನಾಲ್ಕು ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೇಲೊಂದು ಉಳ್ಳಾಗಡ್ಡಿ. ಇಷ್ಟು ಬೇಗ ಹೇಗೆ ಸಿದ್ಧವಾಯಿತೆಂದು ಕೇಳಿದ್ದಕ್ಕೆ ದ್ರಾಕ್ಷಾಯಿಣಿ, "ರಾತ್ರೀನ ಪಲ್ಯ ಮಾಡಿಟ್ಟಿದ್ದೆ. ನೀವು ಸೋಮವಾರ ಟ್ರೇನಿಂಗ್ ಬಿಡಂಗಿಲ್ಲ ಅಂತ ಗೊತ್ತಿತ್ತು. ಅಪ್ಪಗ ಮಂಚದ ಮ್ಯಾಲ ಮುಸುಕು ಹಾಕ್ಕೊಂಡು ಮಲಗಪ್ಪಾ, ಎಷ್ಟೊತ್ತು ಬಗ್ಗಿ ಕೂಡತಾರ ನೋಡು, ಏಳಬ್ಯಾಡ ಅಂತ ಹೇಳಿದ್ದೆ. ಎತ್ತು ಹೂಡಿದ್ದು ನೋಡಿ ತಡಕೊಳ್ಳಾಕ ಆಗಲಿಲ್ಲ ಅವಗ," ಎಂದಳು.

ಕೊಪ್ಪಳದಲ್ಲಿ ಬಸ್ಸು ಬದಲಿಸಿ, ಕುಕನೂರಿನ ಮೇಲೆ ಹಾದು, ಊರು ತಲುಪಿದಾಗ ಹತ್ತೂವರೆ. ಅತ್ತೆ ನನ್ನನ್ನು ನೋಡಿ ಮೊದಲು ಹೆದರಿದರು, ಯಾರಿಗೆ ಏನಾಯಿತೋ ಎಂದು. ಕುಡಿ ಚಿವುಟಲು ಬಂದೆನೆಂದಾಗ ಇನ್ನೂ ಹೆದರಿದರು.

ಆಟದ ಬೆಳೆಗೂ ನಿಜದ ಬೆಳೆಗೂ ಇರುವ ಅಂತರವನ್ನು ಇಲ್ಲಿ ದಾಖಲಿಸುತ್ತೇನೆ. ಆಟದಲ್ಲಿ ಒಂದು ಕೀಲಿ ಒತ್ತಿದರೆ ಒಂದು ಸಾಲು ಮುಗಿಯುತ್ತದೆ. ಹೊಲದಲ್ಲಿ ಒಂದು ಸಾಲು ಮುಗಿಸಿ ತಲೆಯೆತ್ತಿದರೆ, ದಿಗಂತದವರೆಗೆ ಮಿಕ್ಕ ಸಾಲುಗಳೆಲ್ಲ ನನ್ನ ಕಡೆಗೇ ಕುಡಿ ಚಾಚಿ ನಿಂತಿದ್ದವು. ಕಡಲೆಯ ಎಲೆಯ ಮೇಲೆ ಹುಳಿ ಇರುತ್ತದೆ. ನಾಲಗೆಗೆ ಅದು ರುಚಿ, ಒಡೆದ ಬೆರಳಿಗೆ ಉರಿ. ಎರೆಮಣ್ಣು ಚಪ್ಪಲಿಗೆ ಅಂಟಿ ಒಂದೊಂದು ಕಾಲೂ ಒಂದೊಂದು ಲಾರಿಯಾಯಿತು. ನಾಲ್ಕನೆಯ ಸಾಲಿನಲ್ಲಿ ಸೊಂಟ ಹಿಡಿಯಿತು. ಈ ಸಲ ಆಲೋಚನೆಯಲ್ಲ. ಶುದ್ಧ, ಅಪ್ಪಟ, ಮೂರು ವರ್ಷದ ಬಡ್ಡಿ ಸಮೇತ ಬಂದ ನೋವು.

"ಅತ್ತೀ, ಸೊಂಟ ಹಿಡಕೊಂತರಿ," ಎಂದೆ.

"ಹೂಂ ಹೂಂ," ಎಂದರು ಹುಲಗಮ್ಮ, ಮುಂದಿನ ಸಾಲಿನಲ್ಲಿ ತಲೆಯೆತ್ತದೆ. "ಗೊತ್ತೈತಿ ತಗೋರಿ. ಈಗಷ್ಟ ಅವರು ಫೋನ್ ಮಾಡಿದ್ರು."

ಸಂಜೆ ಹೊಲ ಅರ್ಧಕ್ಕೂ ಕಮ್ಮಿ ಮುಗಿದಿತ್ತು. ಉಳಿದದ್ದನ್ನು ಅತ್ತೆ ದಿನಕ್ಕಿಷ್ಟು ಮಾಡುವುದೆಂದೂ, ಪ್ಲಾಸ್ಟರ್ ಬಿಚ್ಚುವವರೆಗೆ ಪ್ರತಿ ಸೋಮವಾರ ನಾನು ಬರುವುದೆಂದೂ ಮಾವ ಫೋನಿನಲ್ಲೇ ಗೊತ್ತುಮಾಡಿಬಿಟ್ಟಿದ್ದರು. ಆದರೂ ಸತ್ಯ ಹೇಳಬೇಕೆಂದರೆ, ಚಿವುಟಿದ ಸಾಲುಗಳನ್ನು ಒಡ್ಡಿನ ಮೇಲೆ ನಿಂತು ನೋಡಿದಾಗ ಒಳಗೊಳಗೇ ಹಿಗ್ಗಿದೆ. ಯಾವ ದೇಶದವನೋ ಆ ಕೋಳಿಯ ಅಣ್ಣನಿಗೆ ಇದನ್ನು ಬರೆಯಬೇಕೆನಿಸಿತು. ಅತ್ತೆ ಚಿವುಟಿದ ಎಲೆಯನ್ನು ಗಂಟು ಕಟ್ಟಿ ಕೈಗಿತ್ತು, "ಪಲ್ಯ ಮಾಡಸ್ಕೊಂಡು ಉಣ್ರಿ," ಎಂದರು.

ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಸಿಕ್ಕಿದ್ದರೂ ಕೂರುವ ಸ್ಥಿತಿ ಇರಲಿಲ್ಲ. ದಾರಿಯುದ್ದಕ್ಕೂ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ. ಎತ್ತು ಹೂಡದಿದ್ದರೆ ಹೋಗಲಿ, ನನ್ನ ಕುಂಬಳಕ್ಕೆ ಒಂದು ಕೊಡ ನೀರು ಹಾಕಿ, ಆ ಹಸಿರು ನೋಡುತ್ತ ಹತ್ತು ನಿಮಿಷ ಅಡ್ಡಾಗಬೇಕು.

ಬಾಗಿಲು ತೆರೆದೇ ಇತ್ತು. ಮಂಚದ ಮೇಲೆ ಮಾವ, ಅವರ ಪ್ಲಾಸ್ಟರಿನ ಕಾಲಿನ ಪಕ್ಕ ಲ್ಯಾಪ್‌ಟಾಪು, ಅದರ ಮುಂದೆ ದ್ರಾಕ್ಷಾಯಿಣಿ. ಅಪ್ಪ ಹೇಳಿದ ಕೀಲಿಯನ್ನು ಮಗಳು ಒತ್ತುತ್ತಿದ್ದಳು. ಹೊಲಕ್ಕೆಲ್ಲ ನೀರಾಗಿತ್ತು. ಎತ್ತುಗಳು ನೆರಳಿನಲ್ಲಿ ಮೆಲುಕು ಹಾಕುತ್ತಿದ್ದವು. ಕೋಳಿಗಳು ಒಳಗಿದ್ದವು. ಪರದೆಯ ನಡುವೆ, ಗುಡಿಸಲಿನಲ್ಲಿ, ನನ್ನ ಹೆಸರಿನ ಆ ಮನುಷ್ಯ ಕಂಬಳಿ ಹೊದ್ದು ಬಿದ್ದುಕೊಂಡಿದ್ದ.

"ಆಟದಾಗ ಇನ್ನೂ ಹೊತ್ತು ಮುಳುಗಿಲ್ಲಲ್ರಿ, ಯಾಕ ಮಲಗಿಸೀರಿ?" ಎಂದೆ, ಹೊಸ್ತಿಲ ಮೇಲೆ ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡು.

"ಪಾಪ, ಏಳು ವಾರದಿಂದ ಬಗ್ಗಿದವ ಬಗ್ಗೇ ಅದಾನ," ಎಂದರು ಮಾವ, ಪರದೆಯ ಮೇಲಿನ ಕಣ್ಣು ತೆಗೆಯದೆ. "ಸೊಂಟ ನೋಯ್ತಿದ್ದೀತು. ಸಪ್ಪಳ ಮಾಡಬ್ಯಾಡ್ರಿ ಅಳಿಯಾರ, ಈಗಷ್ಟ ಮಲಗ್ಯಾನ."